ಸೋತವನು ಕಟ್ಟುವ ಬೆಲೆ: ಹಳೇ ಜಾವಾ ಪಾರ್ಟ್ಸ್ ಹರಾಜಿಗಿಟ್ಟ ನನ್ನ ಅನುಭವ

ನಾನು ಮೊದಲ ಸಲ ಆನ್‌ಲೈನ್ ಹರಾಜಿಗಿಟ್ಟಿದ್ದು ಒಂದು ಕಿಕ್ಕರ್. ಜಾವಾ, ಯೆಜ್ಡಿ ಬೈಕ್ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. 2010ರಲ್ಲಿ ಮೈಸೂರಿನ ಒಂದು ಗುಜರಿ ಅಂಗಡಿಯಲ್ಲಿ 60 ರೂಪಾಯಿ ಕೊಟ್ಟು ತಂದಿದ್ದೆ. ಇಬೇಯಲ್ಲಿ 9 ಡಾಲರ್ 99 ಸೆಂಟ್ ಅಂತ ಶುರುಮಾಡಿ ಏಳು ದಿನಕ್ಕೆ ಬಿಟ್ಟೆ. ಹದಿನಾಲ್ಕು ಜನ ಕಣ್ಣಿಟ್ಟಿದ್ದಾರೆ ಅಂತ ಪುಟದಲ್ಲಿ ತೋರಿಸುತ್ತಿತ್ತು. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಕೊನೆಗೆ ಬಿಡ್ ಮಾಡಿದವನು ಒಬ್ಬನೇ. 9.99ಕ್ಕೇ ಹೋಯಿತು.

ಮುಂದಿನ ತಿಂಗಳು ಅಂಥದ್ದೇ ಇನ್ನೊಂದು ಸಿಕ್ಕಿತು, ಇಟ್ಟೆ. 42 ಡಾಲರ್! ತಗೊಂಡವನು ಯಾರು ಅಂತ ನೋಡಿದರೆ ಹೋದ ತಿಂಗಳಿನವನೇ. ಒಂದು ತನಗೆ, ಇನ್ನೊಂದು ಗೆಳೆಯನಿಗಂತೆ. ಮೆಸೇಜ್‌ನಲ್ಲಿ ಹೇಳಿದ, "ಎರಡು ಸಲವೂ ನಾನು 60 ಡಾಲರ್ ಹಾಕಿಟ್ಟು ಮಲಗಿದ್ದೆ."

ನನಗೆ ಈ ವ್ಯಾಪಾರ ಅರ್ಥವಾಗಿದ್ದು ಅವತ್ತು. ಇಬೇ ಹರಾಜಿನಲ್ಲಿ ನೀವು ನಿಮ್ಮ ಗರಿಷ್ಠ ಬೆಲೆ ಬರೆದಿಟ್ಟರೆ ಸಾಕು, ಮಿಕ್ಕಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎದುರಾಳಿ ಎಷ್ಟರವರೆಗೆ ಬಂದನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಮ್ಮನ್ನು ನಿಲ್ಲಿಸುತ್ತದೆ. 25ರಿಂದ 100 ಡಾಲರ್ ನಡುವೆ ಆ ಮೆಟ್ಟಿಲು ಒಂದು ಡಾಲರ್. ಎರಡನೇ ಸಲ ಇನ್ನೊಬ್ಬ 41ರವರೆಗೆ ಬಂದು ಸುಸ್ತಾದ, ಅದಕ್ಕೇ 42. ಮೊದಲ ಸಲ ಎದುರಾಳಿಯೇ ಇರಲಿಲ್ಲ, ಅದಕ್ಕೇ 9.99. ವಸ್ತು ಅದೇ, ಗಿರಾಕಿ ಅವನೇ, ಅವನ ಜೇಬೂ ಅದೇ. ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು.

ಹಾಗಾಗಿ ಈಗ ನಾನು ಹತ್ತು ಐಟಂ ಹಾಕಿದರೆ ಎಂಟಕ್ಕೆ ನೇರ ಬೆಲೆ. ಹರಾಜಿಗೆ ಹೋಗುವುದು ಎರಡು ಥರದ್ದು ಮಾತ್ರ. ಇಬ್ಬರಾದರೂ ಖಂಡಿತ ಕಿತ್ತಾಡುತ್ತಾರೆ ಅನ್ನುವಂಥದ್ದು, ಇಲ್ಲವೇ ಎಷ್ಟು ಬಾಳುತ್ತದೆ ಅಂತ ನನಗೇ ಗೊತ್ತಿಲ್ಲದ್ದು. ಹೊಸದಾಗಿ ಶುರುಮಾಡುವವರು ಎಲ್ಲವನ್ನೂ ಹರಾಜಿಗಿಡುತ್ತಾರೆ. ಮಜಾ ಇರುತ್ತೆ, ಒಪ್ಪಿಕೊಳ್ಳುತ್ತೇನೆ. ದುಡ್ಡು ಇರಲ್ಲ.

ಮೈಸೂರಿನಲ್ಲಿ ಕೂತು ಈ ಕೆಲಸ ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದದ್ದು ಇಲ್ಲೇ, ಯಾದವಗಿರಿಯಲ್ಲಿ. 1961ರಿಂದ ಗಾಡಿಗಳು ಹೊರಬಂದವು, 70ರ ದಶಕದಲ್ಲಿ ಹೆಸರು ಯೆಜ್ಡಿ ಅಂತಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಸುತ್ತಲ ಊರುಗಳಲ್ಲಿ, ನಂಜನಗೂಡು, ಹುಣಸೂರು, ಕೊಳ್ಳೇಗಾಲ ಕಡೆ, ಹಾಲಿನವರಿಂದ ಹಿಡಿದು ಮೇಷ್ಟ್ರುಗಳವರೆಗೆ ಎಲ್ಲರ ಮನೆಯಲ್ಲೂ ಈ ಗಾಡಿ. ಶುರುವಿನಲ್ಲಿ ಇಲ್ಲಿ ತಯಾರಾದ 250 ಸಿಸಿ ಗಾಡಿ ಜೆಕೊಸ್ಲೊವಾಕಿಯಾದ 353 ಮಾದರಿಯೇ. ಹಾಗಾಗಿ ಪ್ರಾಗ್ ಪಕ್ಕದ ಹಳ್ಳಿಯಲ್ಲಿ ಅಜ್ಜನ ಗಾಡಿ ರಿಪೇರಿ ಮಾಡುವವನಿಗೂ ಹುಣಸೂರಿನ ದನದ ಕೊಟ್ಟಿಗೆಯಲ್ಲಿ ಬಿದ್ದಿರುವ ಪಾರ್ಟ್ ಬೇಕಾಗಬಹುದು. ಅಲ್ಲಿನವರು ಆ ಗಾಡಿಗೆ ಪ್ರೀತಿಯಿಂದ ಇಟ್ಟಿರುವ ಅಡ್ಡಹೆಸರು ಕೀವಾಚ್ಕಾ. ಒಬ್ಬ ಗಿರಾಕಿ ಹೇಳಿಕೊಟ್ಟ ಮೇಲೆ ಹೆಡ್ಡಿಂಗ್‌ನಲ್ಲಿ ಆ ಒಂದು ಪದ ಸೇರಿಸಿದೆ. ಆ ದೇಶದಿಂದ ಬರುವ ಪ್ರಶ್ನೆಗಳು ಆಮೇಲೆ ಜಾಸ್ತಿಯಾದವು.

ಮಾಲು ಎಲ್ಲಿಂದ? ಗುಜರಿಯಿಂದ, ಇನ್ನೆಲ್ಲಿಂದ. ಮೊದಲ ಎರಡು ವರ್ಷ ಕೆಜಿ ಲೆಕ್ಕದಲ್ಲಿ ಆರಾಮಾಗಿ ಸಿಗುತ್ತಿತ್ತು. ಕಬ್ಬಿಣಕ್ಕೆ ಒಂದು ರೇಟು, ಅಲ್ಯೂಮಿನಿಯಂಗೆ ಒಂದು ರೇಟು. ಒಂದು ದಿನ ಗುಜರಿ ಅಂಗಡಿಯ ಭಾಯಿಗೆ ಅವರ ಮಗ ಮೊಬೈಲಿನಲ್ಲಿ ನನ್ನ ಪುಟ ತೋರಿಸಿಬಿಟ್ಟ. ಮರುದಿನ ಹೋದರೆ ಭಾಯಿ ಚಹಾ ತರಿಸಿ ಕೂರಿಸಿದರು. ಚಹಾ ತರಿಸಿದಾಗಲೇ ನನಗೆ ಅನುಮಾನ ಬಂತು.

"ಏನಪ್ಪಾ, ನಮ್ಮ ಕಬ್ಬಿಣ ಡಾಲರ್‌ನಲ್ಲಿ ಹೋಗ್ತಾ ಇದೆಯಂತೆ?"

"ಹೋಗುತ್ತೆ ಭಾಯಿ. ಹೋಗದೇ ಇರೋದೂ ಇದೆ. ಮನೆಗೆ ಬನ್ನಿ, ತೋರಿಸ್ತೀನಿ."

ಬಂದರು. ಅಟ್ಟದ ಮೇಲೆ ಎರಡು ವರ್ಷದಿಂದ ಕೂತಿದ್ದ ಸೈಲೆನ್ಸರ್‌ಗಳು, ತುಕ್ಕು ಹಿಡಿದ ಮಡ್‌ಗಾರ್ಡು, ಯಾರೂ ಕೇಳದ ಚೈನ್ ಕವರ್ ಎಲ್ಲ ನೋಡಿದರು. ಲೆಕ್ಕದ ನೋಟ್‌ಬುಕ್ಕನ್ನೂ ತೆಗೆದು ತೋರಿಸಿದೆ. ನಗುತ್ತಾ ಎದ್ದರು. ಕೊನೆಗೆ ಆದ ಒಪ್ಪಂದ: ಜಾವಾ, ಯೆಜ್ಡಿ ಏನೇ ಬಂದರೂ ಮೊದಲು ನನಗೆ ಫೋನು, ಮಾಮೂಲಿ ರೇಟಿನ ಎರಡರಷ್ಟು ದುಡ್ಡು, ಆದರೆ ಆರಿಸುವ ಹಾಗಿಲ್ಲ, ಪೂರ್ತಿ ಎತ್ತಬೇಕು. ಇವತ್ತಿಗೂ ಅದೇ ನಡೆಯುತ್ತಿದೆ. ಒಂದು ಮಾತ್ರ ನನ್ನ ಷರತ್ತು. ಆರ್‌ಸಿ ಇಲ್ಲದ ಚಾಸಿ, ನಂಬರ್ ಇರುವ ಎಂಜಿನ್ ಕೇಸು, ಇವೆರಡನ್ನು ಮುಟ್ಟುವುದಿಲ್ಲ. ಯಾರದ್ದೋ ಕಳುವಾದ ಗಾಡಿಯ ನಂಬರ್ ನನ್ನ ಫೋಟೋದಲ್ಲಿ ಕಾಣೋದು ಬೇಡ.

ಕೊಂಡುಕೊಳ್ಳುವುದು ಸುಲಭ, ಇದು ಏನು ಅಂತ ಗುರುತಿಸೋದೇ ಕಷ್ಟ. ಇದಕ್ಕೆ ನನಗೊಬ್ಬರು ಗುರು ಸಿಕ್ಕಿದರು. ಆ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿ, ಅದು ಮುಚ್ಚುವ ದಿನದವರೆಗೂ ಇದ್ದವರು. ನಾನು ಮೇಸ್ತ್ರಿಗಳು ಅಂತಲೇ ಕರೆಯುವುದು. ಭಾನುವಾರ ಬೆಳಗ್ಗೆ ಒಂದು ಬಕೆಟ್ ಸಾಮಾನು ಅವರ ಜಗಲಿ ಮೇಲೆ ಸುರಿಯುತ್ತಿದ್ದೆ. ಕನ್ನಡಕ ಹಾಕದೆ, ಬರೀ ಬೆರಳಲ್ಲಿ ಸವರಿ ಹೇಳುತ್ತಿದ್ದರು, "ಇದು ನಮ್ದು. ಇದು ಹೊರಗಡೆ ಮಾಡಿದ್ದು, ಬಿಸಾಡಿ. ಇದು ಯೆಜ್ಡಿ ರೋಡ್‌ಕಿಂಗ್‌ದು. ಇದು ಹಳೇ ಜಾವಾದ್ದು, ಎತ್ತಿಡಿ." ಅವರು ಹೇಳಿದ್ದಕ್ಕೆಲ್ಲ ಆ ಕ್ಷಣವೇ ಚೀಟಿ ಕಟ್ಟುತ್ತಿದ್ದೆ. ಕಟ್ಟದೇ ಬಿಟ್ಟ ವಾರ ಮತ್ತೆ ಎಲ್ಲ ಕಬ್ಬಿಣದ ರಾಶಿ.

ಪಿಸ್ಟನ್ ತಗೊಳ್ಳಿ. 250ರ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿಲಿಮೀಟರ್. ಹಳೇ ಗಾಡಿ ಅಂದಮೇಲೆ ಒಂದೆರಡು ಸಲ ರೀಬೋರ್ ಆಗಿರುತ್ತೆ, ಅಂದರೆ ಸವೆದ ಸಿಲಿಂಡರನ್ನು ಒಳಗೆ ಕೊರೆದು ಅಗಲ ಮಾಡಿರುತ್ತಾರೆ, ಆಗ ಪಿಸ್ಟನ್ ಕಾಲು ಕಾಲು ಮಿಲಿಮೀಟರ್ ದಪ್ಪವಾಗುತ್ತಾ ಹೋಗುತ್ತೆ. ತಲೆಯ ಮೇಲೆ ಅಳತೆ ಕೊರೆದಿರುತ್ತೆ, ಆದರೆ ಮಸಿಯ ಕೆಳಗೆ ಕಾಣಲ್ಲ. "ಜಾವಾ 250 ಪಿಸ್ಟನ್" ಅಂತ ಬರೆದು ಹಾಕಿದರೆ ತಗೊಂಡವನಿಗೆ ಹೊಂದುತ್ತೋ ಇಲ್ಲವೋ ಅದೃಷ್ಟದ ಮಾತು. ಈಗ ವರ್ನಿಯರ್ ಅನ್ನುವ ಅಳತೆ ಸಾಧನ ಇಲ್ಲದೆ ಒಂದು ಪಾರ್ಟ್ ಕೂಡ ಮೇಜಿನಿಂದ ಏಳುವುದಿಲ್ಲ. ವರ್ನಿಯರ್ ಕಚ್ಚಿಸಿ, ಅಂಕಿ ಕಾಣುವ ಹಾಗೇ ಫೋಟೋ. ಬರೆದಿದ್ದನ್ನು ಯಾರೂ ಓದಲ್ಲ, ಫೋಟೋ ಹಿಗ್ಗಿಸಿ ನೋಡುತ್ತಾರೆ.

ಕಿಕ್ಕರ್ ವಿಷಯದಲ್ಲೂ ಹಾಗೇ. ನಾನು ಮೊದಲು ಹೊರಗಿನ ಕ್ರೋಮ್ ಮಿರಮಿರ ಮಿಂಚುವ ಹಾಗೆ ತೆಗೆಯುತ್ತಿದ್ದೆ. ಗೊತ್ತಿರುವ ಗಿರಾಕಿಗೆ ಕ್ರೋಮ್ ಬೇಡ, ಒಳಗಿನ ಹಲ್ಲು ಬೇಕು. ಶಾಫ್ಟಿಗೆ ಕೂರುವ ಆ ಸಣ್ಣ ಸಣ್ಣ ಹಲ್ಲು ಸವೆದಿದ್ದರೆ ಕಿಕ್ಕರ್ ಜಾರುತ್ತೆ, ಅಷ್ಟೇ, ಮುಗೀತು. ಈಗ ಮೊದಲ ಫೋಟೋನೇ ಹಲ್ಲಿನದು. ಸೀಮೆಎಣ್ಣೆ ಹಚ್ಚಿದ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತೇನೆ. ಫ್ಲಾಶ್ ಹಾಕಿದರೆ ಸವೆತ ಕಾಣಲ್ಲ. ಸವೆದಿದ್ದರೆ ಸವೆದಿದೆ ಅಂತಲೇ ಬರೆಯುತ್ತೇನೆ, ಅದಕ್ಕೂ ತಗೊಳ್ಳುವವರಿದ್ದಾರೆ.

ಉಜ್ಜುವುದಕ್ಕೂ ಒಂದು ಮಿತಿ ಇದೆ. ನಮ್ಮ ಹುಡುಗ ಒಮ್ಮೆ, ಪಾಪ, ಒಳ್ಳೇದಾಗಲಿ ಅಂತ ಒಂದು ಜಿಕೋವ್ ಕಂಪನಿಯ ಕಾರ್ಬೊರೇಟರಿಗೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದಿಟ್ಟ. ಚೆನ್ನಾಗಿಯೇ ಕಾಣುತ್ತಿತ್ತು. ಕಳಿಸಿದೆ. ಅಲ್ಲಿ ಹೋದಮೇಲೆ ಗಿರಾಕಿ ಬಣ್ಣ ಕೆರೆದು ನೋಡಿದರೆ ಅಡಿಯಲ್ಲಿ ಕೂದಲೆಳೆ ಸೀಳು. "ಬಿರುಕು ಮುಚ್ಚಲು ಬಣ್ಣ ಹೊಡೆದಿದ್ದೀರಿ" ಅಂದ. ನಾನು ಸೀಳು ನೋಡಿಯೇ ಇರಲಿಲ್ಲ ಅಂತ ಹೇಳಿದರೆ ಯಾರು ನಂಬುತ್ತಾರೆ, ಅಲ್ವಾ? ಪೂರ್ತಿ ದುಡ್ಡು ವಾಪಸ್, ಹೋಗುವ ಬರುವ ಅಂಚೆ ಖರ್ಚು ನನ್ನದೇ. ಅವತ್ತಿನಿಂದ ಬಣ್ಣದ ಡಬ್ಬಿ ಶೆಡ್ಡಿನೊಳಗೆ ಬರುವ ಹಾಗಿಲ್ಲ.

ಇನ್ನೊಂದು ಏಟು ಪೆಟ್ರೋಲ್ ವಾಸನೆಯದ್ದು. ಕಾರ್ಬೊರೇಟರ್, ಪೆಟ್ರೋಲ್ ಕಾಕ್, ಟ್ಯಾಂಕ್ ಇವೆಲ್ಲ ವಿಮಾನದಲ್ಲಿ ಹೋಗಬೇಕಾದರೆ ಒಂದು ಹನಿಯೂ ಇರಬಾರದು, ವಾಸನೆಯೂ ಬರಬಾರದು. ನಾನು ಒಂದು ಕಾರ್ಬೊರೇಟರನ್ನು ಒರೆಸಿ, ಒಣಗಿಸಿ ಕಳಿಸಿದ್ದೆ. ಫ್ಲೋಟ್ ಬಟ್ಟಲಿನ ತಳದಲ್ಲಿ ಇಪ್ಪತ್ತು ವರ್ಷದ ಹಿಂದಿನ ಆಯಿಲ್ ಮಿಕ್ಸ್ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಪಾರ್ಸೆಲ್ ಹದಿನೈದು ದಿನ ಎಲ್ಲೋ ಬಿದ್ದಿದ್ದು ವಾಪಸ್ ಬಂತು. ಈಗ ಪೂರ್ತಿ ಬಿಚ್ಚಿ, ಸೋಪಿನ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಎರಡು ದಿನ ಬಿಸಿಲಿಗೆ. ಕೊನೆಯ ಪರೀಕ್ಷೆ ನಮ್ಮ ಮನೆಯವರದ್ದು. ಅಡುಗೆಮನೆ ಬಾಗಿಲಲ್ಲಿ ಹಿಡಿದು ಕೇಳುತ್ತೇನೆ. ಅವರು ಮೂಗು ಮುರಿದರೆ ಇನ್ನೊಂದು ದಿನ ಬಿಸಿಲು.

ಪ್ಯಾಕಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಪಾರ್ಟ್ ಡಬ್ಬಿಯೊಳಗೆ ಅಲುಗಾಡಬಾರದು, ಅಷ್ಟೇ. ಆದರೆ ತೂಕ ಮಾತ್ರ ಮೊದಲೇ ನೋಡಿ. ಸಣ್ಣ ಪ್ಯಾಕೆಟ್ಟಿಗೆ ಅಂಚೆಯಲ್ಲಿ ತೂಕದ ಮಿತಿ ಇದೆ. ಅದರೊಳಗಿದ್ದರೆ ಒಂದು ಲೆಕ್ಕ, ಮೀರಿದರೆ ಪೂರ್ತಿ ಬೇರೆ ಲೆಕ್ಕ. ಸಿಲಿಂಡರ್ ಬ್ಲಾಕಿನಂಥ ಭಾರದ ಮಾಲು ನಾನು ಹೊರದೇಶಕ್ಕೆ ಬಿಟ್ಟೇಬಿಟ್ಟೆ, ಅವೆಲ್ಲ ಈಗ ನಮ್ಮ ದೇಶದೊಳಗೇ ವಾಟ್ಸಾಪ್‌ನಲ್ಲಿ ಹೋಗುತ್ತವೆ. ಇನ್ನೊಂದು ಜಾಣತನ ಹೊಸಬರಿಗೆಲ್ಲ ಹೊಳೆಯುತ್ತೆ: ಐಟಂ ಬೆಲೆ ಕಮ್ಮಿ ಇಟ್ಟು ಅಂಚೆ ಖರ್ಚು ಜಾಸ್ತಿ ತೋರಿಸಿದರೆ ಕಮಿಷನ್ ಉಳಿಯುತ್ತಲ್ಲ ಅಂತ. ಉಳಿಯಲ್ಲ. ಅವರು ಕಮಿಷನ್ ಹಿಡಿಯುವುದು ಅಂಚೆ ಖರ್ಚೂ ಸೇರಿದ ಒಟ್ಟು ಮೊತ್ತದ ಮೇಲೆ. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ಲಾಭ ಅಂದುಕೊಂಡಿದ್ದರಲ್ಲಿ ಅರ್ಧ ಲಾಭವೇ ಆಗಿರಲಿಲ್ಲ.

ಕಾಗದಪತ್ರಕ್ಕೆ ಹೆದರಬೇಡಿ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯಿಂದ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಕೋಡ್, ಬೇಕು, ಆನ್‌ಲೈನ್‌ನಲ್ಲಿ 500 ರೂಪಾಯಿ, ಈಗ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಂದು ಸಲ ಅಪ್‌ಡೇಟ್ ಒತ್ತಬೇಕು. ಮರೆತರೆ ನಿಂತುಹೋಗುತ್ತೆ, ನಾನು ಮರೆತಿದ್ದೇನೆ. ದುಡ್ಡು ಮೊದಲು ಪೇಪಾಲ್‌ನಲ್ಲಿ ಬರುತ್ತಿತ್ತು, ಈಗ ಪೇಯೋನೀರ್‌ನಲ್ಲಿ. ಅಂಚೆಯ ರಫ್ತು ಬಿಲ್ಲನ್ನು ಈಗ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಮಾಡಬಹುದು.

ನಡುವೆ ಲೋಕವೂ ಬದಲಾಯಿತು. 2018ರಲ್ಲಿ ಇಬೇಯ ಭಾರತದ ಸೈಟ್ ಮುಚ್ಚಿತು, ಹೊರದೇಶಕ್ಕೆ ಮಾರುವುದು ಮಾತ್ರ ಉಳಿಯಿತು. ಅದೇ ವರ್ಷದ ಕೊನೆಗೆ ಹೊಸ ಜಾವಾ ಬಂತು, 2022ರಲ್ಲಿ ಹೊಸ ಯೆಜ್ಡಿ. ಇನ್ನು ಹಳೇದನ್ನು ಯಾರು ಕೇಳುತ್ತಾರೆ ಅಂತ ಭಯವಾಗಿತ್ತು. ಆಗಿದ್ದು ಉಲ್ಟಾ. ಹೆಸರು ಮತ್ತೆ ಕಿವಿಗೆ ಬಿದ್ದಿದ್ದೇ ತಡ, ಅಪ್ಪನ ಗಾಡಿಯ ಮೇಲಿನ ಗೋಣಿಚೀಲ ತೆಗೆದವರು ಎಷ್ಟೋ ಮಂದಿ ನನಗೆ ಫೋನ್ ಮಾಡಿದರು. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗಳ ಸುಂಕ ವಿನಾಯಿತಿ ತೆಗೆದಾಗ ಮಾತ್ರ ಕೈ ಕಟ್ಟಿದ ಹಾಗಾಯಿತು. ಆ ಕಡೆಯ ಅಂಚೆ ಕೆಲವು ವಾರ ನಿಂತೇ ಹೋಗಿತ್ತು. ಈಗ ಹರಾಜನ್ನು ಯುರೋಪಿನ ಸಮಯಕ್ಕೆ ಹೊಂದಿಸಿಟ್ಟಿದ್ದೇನೆ.

ಸಮಯದ ವಿಷಯ ಸಣ್ಣದಲ್ಲ. ಏಳು ದಿನದ ಹರಾಜು ಶುರುವಾದ ಗಳಿಗೆಗೇ ಮುಗಿಯುತ್ತೆ. ನಮಗೆ ಬಿಡುವಾದಾಗ, ಅಂದರೆ ಮಂಗಳವಾರ ಮಧ್ಯಾಹ್ನ ಹಾಕಿದರೆ ಅಲ್ಲಿನವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಮುಗಿಯುತ್ತೆ, ಬಿಡ್ ಮಾಡುವವರು ಯಾರು? ಜರ್ಮನಿ, ಜೆಕ್ ಕಡೆ ಭಾನುವಾರ ರಾತ್ರಿ ಎಂಟು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ನ್ಯೂಯಾರ್ಕಿನ ಎಂಟು ಗಂಟೆಗೆ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ. ನಾನು ಎದ್ದಿರಬೇಕಾದ್ದೇನೂ ಇಲ್ಲ, ಆದರೂ ಎದ್ದಿರುತ್ತೇನೆ. ಕೊನೇ ಹತ್ತು ಸೆಕೆಂಡಿನಲ್ಲಿ ಬೆಲೆ ಎಗರುವುದನ್ನು ನೋಡದಿದ್ದರೆ ಹರಾಜಿಟ್ಟು ಏನು ಸುಖ.

ಹೋದ ವರ್ಷ ರಾಶಿಯಲ್ಲಿ ಒಂದು ಎರಕದ ಅಲ್ಯೂಮಿನಿಯಂ ಮುಚ್ಚಳ ಬಂತು. ಮೂರು ತೂತು, ಒಂದು ಕಡೆ ಸಣ್ಣ ಕಿವಿ. ಮೇಸ್ತ್ರಿಗಳು ಎರಡು ಸಲ ತಿರುಗಿಸಿ, "ಇದು ನಮ್ದಲ್ಲ ಕಣಯ್ಯ" ಅಂದರು. ಗುಜರಿ ಭಾಯಿಗೂ ಗೊತ್ತಿಲ್ಲ. ಏನಂತ ಗೊತ್ತಿಲ್ಲ ಅಂತಲೇ ಬರೆದು, ವರ್ನಿಯರ್ ಹಿಡಿದ ನಾಲ್ಕು ಫೋಟೋ ಹಾಕಿ 9.99ಕ್ಕೆ ಬಿಟ್ಟೆ. ಆರು ದಿನ ಒಂದು ಬಿಡ್ಡೂ ಇಲ್ಲ. ಕೊನೆಯ ರಾತ್ರಿ ಇಬ್ಬರು ಹತ್ತಿಕೊಂಡರು. 58 ಡಾಲರ್‌ಗೆ ನಿಂತಿತು. ಗೆದ್ದವನಿಗೆ ಮೆಸೇಜ್ ಹಾಕಿದೆ, ಸ್ವಾಮಿ, ಇದು ಏನು ಅಂತ ದಯವಿಟ್ಟು ಹೇಳಿ, ಮುಂದಿನ ಸಲ ಬರೆಯುತ್ತೇನೆ ಅಂತ.

ಬೆಳಗ್ಗೆ ಉತ್ತರ ಬಂದಿತ್ತು. "ನನಗೂ ಗೊತ್ತಿಲ್ಲ. ಇನ್ನೊಬ್ಬ ಬಿಡದೆ ಏರಿಸುತ್ತಲೇ ಇದ್ದ, ಅವನಿಗೆ ಗೊತ್ತಿರಬೇಕು ಅಂದುಕೊಂಡೆ."

ತೂಕ ಹಾಕಿದೆ, 340 ಗ್ರಾಂ. ಪ್ಯಾಕ್ ಮಾಡಿ ಅವತ್ತೇ ಕಳಿಸಿದೆ.