ಟೆನರ್ ಸ್ಯಾಕ್ಸೋಫೋನ್ ಕೇಳಲು ಆದಿತಾಳ ಹಾಕಿ ಕೂರಿ

ನಮ್ಮೂರ ಕಡೆ ಜಾತ್ರೆ, ಮದುವೆ ಎಂದರೆ ಸ್ಯಾಕ್ಸೋಫೋನ್ ಇದ್ದದ್ದೇ. ನನ್ನ ಕಿವಿ ಬೆಳೆದದ್ದು ಕದ್ರಿ ಗೋಪಾಲನಾಥರ ವಾದನದಲ್ಲಿ. ಸ್ಯಾಕ್ಸೋಫೋನ್‌ನಲ್ಲಿ ಹಲವು ಗಾತ್ರ, ಅವರದು ಆಲ್ಟೋ. ಜಾಝ್‌ನ ದೊಡ್ಡವರು ಬಹಳಷ್ಟು ಮಂದಿ ಹಿಡಿದದ್ದು ಟೆನರ್. ಆಲ್ಟೋದ ಷಡ್ಜದಿಂದ ಮಂದ್ರ ಪಂಚಮಕ್ಕೆ ಇಳಿದರೆ ಎಷ್ಟೋ, ಟೆನರ್ ಅಷ್ಟು ಕೆಳಗೆ. ಗಂಡುದನಿಗೆ ಹತ್ತಿರ.

ಟೆನರ್ ವಾದಕರಲ್ಲಿ ಮೊದಲು ಕೇಳಬೇಕಾದವನು ಕೋಲ್ಮನ್ ಹಾಕಿನ್ಸ್. ಐದು ವರ್ಷ ಯುರೋಪಿನಲ್ಲಿದ್ದು ಮರಳಿದವನು 1939ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ 'ಬಾಡಿ ಅಂಡ್ ಸೋಲ್' ನುಡಿಸಿದ. ಮೂರೇ ನಿಮಿಷ. ಪಿಯಾನೋ ಮುಗಿದು ಸ್ಯಾಕ್ಸ್ ಶುರುವಾದ ಕೂಡಲೇ ತೊಡೆಯ ಮೇಲೆ ಆದಿತಾಳ ಹಾಕಿ. ಅವರ ನಾಲ್ಕೆಣಿಕೆಯ ಅಳತೆಗೆ ಬಾರ್ ಎಂದು ಹೆಸರು: ನಮ್ಮ ಲಘು ಒಂದು ಬಾರ್, ಎರಡು ದ್ರುತ ಸೇರಿ ಇನ್ನೊಂದು. ಒಂದು ಸುತ್ತಿಗೆ 32 ಬಾರ್, ಅಂದರೆ ಎಂಟೆಣಿಕೆಯ ನಮ್ಮ 16 ಆವರ್ತನ. ಹಾಡಿನ ಮೂಲ ಧಾಟಿ ಮೊದಲ ಕೆಲವು ಬಾರ್‌ಗಳಲ್ಲಷ್ಟೇ ಸಿಗುತ್ತದೆ, ಆಮೇಲೆ ಎಲ್ಲ ಅವನ ಮನೋಧರ್ಮ, ನುಡಿಸುತ್ತಲೇ ಕಟ್ಟಿದ್ದು. ಒಂಬತ್ತನೇ ಆವರ್ತನಕ್ಕೆ ಬಂದಾಗ ಎಚ್ಚರವಾಗಿರಿ: ಷಡ್ಜವೇ ಶುದ್ಧ ರಿಷಭದ ಜಾಗಕ್ಕೆ ಏರಿಬಿಡುತ್ತದೆ. ಹದಿಮೂರಕ್ಕೆ ಮತ್ತೆ ಮನೆಗೆ. ತಾಳ ಹಾಕದೆ ಕೇಳಿದ ದಿನಗಳಲ್ಲಿ ನನಗೆ ಇದು ಬರೀ ಮಸುಕು. ತಾಳ ಹಾಕಿದ ದಿನ ಮೈ ಜುಮ್ಮೆಂದಿತು. ಅಂದು ಅದನ್ನೇ ಏಳು ಸಲ ಕೇಳಿದೆ.

ಅದಾದ ಮೇಲೆ, ಬೇರೇನೂ ಹಾಕದೆ, ಲೆಸ್ಟರ್ ಯಂಗ್. 1936ರಲ್ಲಿ ಶಿಕಾಗೋದಲ್ಲಿ ಕೌಂಟ್ ಬೇಸಿಯ ಪಿಯಾನೋ ಜೊತೆ ನುಡಿಸಿದ 'ಲೇಡಿ ಬಿ ಗುಡ್'. ಇಲ್ಲೂ 32 ಬಾರ್‌ಗಳ ಸುತ್ತು, ಅವನಿಗೆ ಎರಡು ಸುತ್ತು. ಹಾಕಿನ್ಸನದು ತುಂಬು ಕಂಠ, ಅಗಲವಾದ ಕಂಪನ, ಸ್ವರದ ಮೇಲೆ ಸ್ವರ ಪೇರಿಸುವ ಪಟ್ಟು. ಲೆಸ್ಟರ್‌ದು ಹಗುರ ನಾದ, ಕಂಪನ ತೀರಾ ಕಡಿಮೆ, ನಡುನಡುವೆ ಬಿಡುವು. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಈ ಎರಡು ದನಿ ಕಿವಿಯಲ್ಲಿ ಕೂತರೆ ಮುಂದಿನವರು ಯಾರೇ ಸಿಗಲಿ, ಯಾರ ಕಡೆಯ ನೆಂಟರು ಎಂದು ಗುರುತಿಸಲು ನೋಡಿ. ಸ್ಟಾನ್ ಗೆಟ್ಜ್ ಲೆಸ್ಟರ್ ಕಡೆ. ಬೆನ್ ವೆಬ್‌ಸ್ಟರ್ ಹಾಕಿನ್ಸ್ ಕಡೆ. ನಿಧಾನದ ಹಾಡುಗಳಲ್ಲಿ ವೆಬ್‌ಸ್ಟರ್‌ನ ಸ್ವರ ನಿಂತ ಮೇಲೂ ಉಸಿರು ಉಳಿದಿರುತ್ತದೆ. ಅದಕ್ಕೆ ಹೆಡ್‌ಫೋನ್ ಬೇಕೇ ಬೇಕು.

ಹಾಕಿನ್ಸ್, ಲೆಸ್ಟರ್, ವೆಬ್‌ಸ್ಟರ್ ಮೂವರನ್ನೂ ಒಟ್ಟಿಗೆ ನೋಡಬೇಕೆಂದರೆ 1957ರ ಡಿಸೆಂಬರ್‌ನ ಟಿವಿ ಕಾರ್ಯಕ್ರಮದ 'ಫೈನ್ ಅಂಡ್ ಮೆಲೋ' ಹುಡುಕಿ. ಹಾಡುವವಳು ಬಿಲ್ಲಿ ಹಾಲಿಡೇ. ಲೆಸ್ಟರ್ ಪಾಲಿಗೆ 12 ಬಾರ್, ಆರೇ ಆವರ್ತನ. ಅಷ್ಟು ಹೊತ್ತು ತಾಳ ನಿಲ್ಲಿಸಿ ಬಿಲ್ಲಿಯ ಮುಖ ನೋಡಿ. ಇಬ್ಬರೂ 1959ರಲ್ಲಿ ತೀರಿಕೊಂಡರು. ನನಗೆ ಆ ತುಣುಕು ಇಂದಿಗೂ ಕಣ್ಣೊದ್ದೆಯಾಗದೆ ಮುಗಿಯುವುದಿಲ್ಲ.

ಸನ್ನಿ ರೋಲಿನ್ಸ್‌ಗೆ 1956ರ 'ಸೇಂಟ್ ಥಾಮಸ್' ಸಾಕು, ಕುಣಿಸುತ್ತದೆ. ಇದೇ ರೋಲಿನ್ಸ್ 1959ರಿಂದ ಎರಡು ವರ್ಷ ಕಛೇರಿ ಬಿಟ್ಟು ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಸಾಧನೆ ಮಾಡಿದವನು.

ಜಾನ್ ಕೋಲ್ಟ್ರೇನ್ ಕೊನೆಗಿರಲಿ. 1964ರ 'ಎ ಲವ್ ಸುಪ್ರೀಮ್'ನ ಮೊದಲ ಭಾಗ ಹಾಕಿ, ಬಾಸ್ ಎಂಬ ದಪ್ಪ ದನಿಯ ತಂತಿವಾದ್ಯ ನುಡಿಸುವ ನಾಲ್ಕು ಸ್ವರ ಹಿಡಿದುಕೊಳ್ಳಿ. ಕೊನೆ ಹತ್ತಿರ ಕೋಲ್ಟ್ರೇನ್ ಆ ನಾಲ್ಕನ್ನೇ ಹನ್ನೆರಡೂ ಶ್ರುತಿಗಳಲ್ಲಿ ಸುತ್ತಿಸುತ್ತಾನೆ. ಬಳಿಕ ಸ್ಯಾಕ್ಸ್ ಇಳಿಸಿ ಅದೇ ಸ್ವರಗಳಿಗೆ 'ಎ-ಲವ್-ಸು-ಪ್ರೀಮ್' ಎಂಬ ನಾಲ್ಕು ಅಕ್ಷರ ಕೂರಿಸಿ ಬಾಯಲ್ಲಿ ಹಾಡುತ್ತಾನೆ. ಮೊದಲು ಸ್ವರ, ಆಮೇಲೆ ಸಾಹಿತ್ಯ. ನಾವು ಗೀತೆ ಕಲಿತದ್ದೂ ಹಾಗೆಯೇ ಅಲ್ಲವೇ.