ಕನಿಷ್ಠ ವೇತನ ಏರಿದರೆ ಯಾರ ಜೇಬಿಗೆ ಎಷ್ಟು? ಲೆಕ್ಕ ಹಾಕುವುದು ಹೀಗೆ

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಕರಡು ಅಧಿಸೂಚನೆ ಹೊರಡಿಸಿದ ಕೂಡಲೇ ಎರಡು ಮಾತು ಕೇಳಿಬಂದವು. ಕಾರ್ಖಾನೆಗಳೆಲ್ಲ ಪಕ್ಕದ ರಾಜ್ಯಕ್ಕೆ ಗಂಟುಮೂಟೆ ಕಟ್ಟುತ್ತವೆ ಅಂತ ಒಂದು ಕಡೆ. ಕೂಲಿಕಾರರ ಕಷ್ಟವೆಲ್ಲ ಕಳೆಯಿತು ಅಂತ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಲೆಕ್ಕದ ಚೀಟಿ ಇರಲಿಲ್ಲ. ಈ ಲೆಕ್ಕಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ಒಂದು ಸಂಬಳದ ಚೀಟಿ, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಹಂತ 1: ನಿಜವಾದ ಏರಿಕೆ ಎಷ್ಟು?

ಕರ್ನಾಟಕದಲ್ಲಿ ಕನಿಷ್ಠ ವೇತನ ಒಂದೇ ಅಂಕಿಯಲ್ಲ. ಯಾವ ಉದ್ಯಮ, ಯಾವ ವಲಯ, ಎಂಥ ಕೌಶಲ ಅನ್ನುವುದರ ಮೇಲೆ ದರ ಬದಲಾಗುತ್ತದೆ. 2025ರ ಕರಡಿನಲ್ಲಿ ಬೆಂಗಳೂರು ಸೇರಿದ ಒಂದನೇ ವಲಯದ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ ಸುಮಾರು ₹23,376, ಮೂರನೇ ವಲಯಕ್ಕೆ ₹19,319 ಎಂದಿತ್ತು. ದರದ ಹಿಂದೆ ಒಂದು ಹಳೆಯ ಸೂತ್ರವಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿದ್ದು: ದುಡಿಯುವ ಒಬ್ಬರ ಮೇಲೆ ಮೂರು ಹೊಟ್ಟೆ, ಒಂದೊಂದಕ್ಕೂ ದಿನಕ್ಕೆ 2,700 ಕ್ಯಾಲರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಜತೆಗೆ ಬಾಡಿಗೆ, ಸೌದೆ, ದೀಪ. ಮಕ್ಕಳ ಓದು, ಔಷಧ, ಮುಪ್ಪಿಗೆಂದು ಇನ್ನೂ ಶೇ 25 ಸೇರಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೊಸ ದರದಿಂದ ಹಳೆಯ ಮೂಲವೇತನ ಕಳೆದು "ಇಷ್ಟು ಏರಿತು" ಅನ್ನುವವರೇ ಹೆಚ್ಚು. ಅದು ತಪ್ಪು. ಪ್ರತಿ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕ ನೋಡಿ ಸೇರುವ ತುಟ್ಟಿಭತ್ಯೆಯನ್ನೂ, ಅಂದರೆ ವಿಡಿಎಯನ್ನೂ, ಹಳೆಯ ದರಕ್ಕೆ ಕೂಡಿಸಿ ಆಮೇಲೆ ಕಳೆಯಿರಿ. ನಿಮ್ಮೂರಲ್ಲಿ ಆ ಕೆಲಸಕ್ಕೆ ಈಗ ನಡೆಯುತ್ತಿರುವ ಕೂಲಿ ಎಷ್ಟೆಂದೂ ಕೇಳಿ. ಗಾರೆಯವರು ಅಧಿಸೂಚನೆಗಿಂತ ಹೆಚ್ಚೇ ಪಡೆಯುತ್ತಿದ್ದರೆ ಹೊಸ ದರದಿಂದ ಅವರಿಗೆ ಬಿಸಿಯೂ ಇಲ್ಲ, ತಂಪೂ ಇಲ್ಲ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್‌ನಂಥ ಕಡೆ ಕಾನೂನಿನ ದರವೇ ಬಹುತೇಕ ಕೊಡುವ ದರ. ಏರಿಕೆ ತಟ್ಟುವುದು ಅಲ್ಲಿ.

ಹಂತ 2: ಸಾವಿರ ರೂಪಾಯಿಯನ್ನು ಬಿಡಿಸಿ ನೋಡಿ

₹13,000 ಪಡೆಯುವ ಹೆಲ್ಪರ್ ಒಬ್ಬರ ಸಂಬಳ ₹1,000 ಏರಿತೆನ್ನಿ. ಪಿ.ಎಫ್.ಗೆ ಶೇ 12, ಅಂದರೆ ₹120 ಹೋಗುತ್ತದೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಶೇ 0.75, ಅಂದರೆ ₹7.50. ಕೈಗೆ ಸಿಗುವುದು ₹872.50. ಪಿ.ಎಫ್. ಅವರದೇ ದುಡ್ಡು, ಕಳೆದುಹೋಗಿಲ್ಲ. ಆದರೆ ತಿಂಗಳ ರೇಷನ್ನಿಗೆ ಅದು ಬರುವುದಿಲ್ಲ.

ಮಾಲೀಕರ ಕಡೆ ಲೆಕ್ಕ ಬೇರೆ. ಸಾವಿರದ ಮೇಲೆ ಪಿ.ಎಫ್. ಮತ್ತು ಅದರ ವಿಮೆ, ಆಡಳಿತ ಶುಲ್ಕ ಸೇರಿ ₹130. ಇ.ಎಸ್.ಐ. ಶೇ 3.25, ಅಂದರೆ ₹32.50. ಬೋನಸ್ ಶೇ 8.33, ಅಂದರೆ ₹83. ಗ್ರಾಚ್ಯುಟಿಗೆ, ಅಂದರೆ ಸಾಮಾನ್ಯವಾಗಿ ಐದು ವರ್ಷ ದುಡಿದವರು ಕೆಲಸ ಬಿಡುವಾಗ ಕೊಡುವ ಇಡುಗಂಟಿಗೆ, ಎತ್ತಿಡಬೇಕಾದ್ದು ಸುಮಾರು ₹48. ಒಟ್ಟು ₹1,294ರ ಹತ್ತಿರ. "ನಮಗೆ ಸಿಕ್ಕಿದ್ದು ಎಂಟುನೂರು ಚಿಲ್ಲರೆ" ಅನ್ನುವ ಕಾರ್ಮಿಕರೂ, "ನಮಗೆ ತಗುಲಿದ್ದು ಸಾವಿರದ ಮುನ್ನೂರು" ಅನ್ನುವ ಮಾಲೀಕರೂ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಬೋನಸ್ ಸಾಲಿನಲ್ಲಿ ಒಂದು ಸೂಕ್ಷ್ಮವಿದೆ. 2015ರ ತಿದ್ದುಪಡಿಯ ಪ್ರಕಾರ ಬೋನಸ್ ಲೆಕ್ಕಕ್ಕೆ ₹7,000 ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದು. ಹಾಗಾಗಿ ಕನಿಷ್ಠ ವೇತನ ಏರಿದಾಗಲೆಲ್ಲ ಬೋನಸ್ಸೂ ಏರುತ್ತದೆ. ಗ್ರಾಚ್ಯುಟಿಯದು ಇನ್ನೂ ವಿಚಿತ್ರ. ಕೊನೆಯ ತಿಂಗಳ ಸಂಬಳದ ಮೇಲೆ ಇಡೀ ಸೇವಾವಧಿಯ ಲೆಕ್ಕ ಹಾಕುತ್ತಾರೆ. ಹತ್ತು ವರ್ಷ ದುಡಿದವರಿಗೆ ಇವತ್ತು ₹1,000 ಏರಿದರೆ, ಹಳೆಯ ಹತ್ತೂ ವರ್ಷಕ್ಕೆ ಸೇರಿ ₹5,769 ಒಂದೇ ಏಟಿಗೆ ಮಾಲೀಕರ ತಲೆಗೆ ಬರುತ್ತದೆ. ಐದು ವರ್ಷ ತುಂಬುವ ಮೊದಲೇ ರಾಜೀನಾಮೆ ಬರೆಸಿಕೊಂಡು, ಮತ್ತೆ ಹೊಸಬರೆಂದು ಸೇರಿಸಿಕೊಳ್ಳುವ ಚಾಳಿಯ ಬೇರು ಇಲ್ಲೇ ಇದೆ.

ಹಂತ 3: ಮಿತಿಗಳ ಗೆರೆ ದಾಟುತ್ತದೆಯೇ?

ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಯಾರೂ ಸರಿಯಾಗಿ ಕೈಹಾಕದ ಜಾಗ ಇದು. ಇ.ಎಸ್.ಐ. ವ್ಯಾಪ್ತಿಯ ಸಂಬಳ ಮಿತಿಯನ್ನು ಕೇಂದ್ರ ಸರ್ಕಾರ 2017ರ ಜನವರಿಯಲ್ಲಿ ₹21,000ಕ್ಕೆ ನಿಗದಿ ಮಾಡಿತು. ಕರಡಿನ ಒಂದನೇ ವಲಯದ ದರ ಅದನ್ನು ದಾಟಿತ್ತು. ರಾಜ್ಯ ಸಂಬಳ ಏರಿಸಿ ಕೇಂದ್ರ ಮಿತಿ ಏರಿಸದಿದ್ದರೆ, ಬೆಂಗಳೂರಿನ ಕಸ ಗುಡಿಸುವವರಿಂದ ಹಿಡಿದು ಎಲ್ಲರೂ ಇ.ಎಸ್.ಐ.ಯಿಂದ ಹೊರಗೆ. ನಡೆಯುತ್ತಿರುವ ವಂತಿಗೆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯ ತನಕ, ಹೆಸರು ಉಳಿಯುತ್ತದೆ. ಆಮೇಲೆ ಕುಟುಂಬದ ಆಸ್ಪತ್ರೆ ಖರ್ಚು ಸ್ವಂತದ್ದು. ತಿಂಗಳಿಗೆ ನೂರೈವತ್ತರಷ್ಟು ವಂತಿಗೆ ಉಳಿಸಿ, ಒಂದು ಆಪರೇಷನ್ನಿಗೆ ಮೀಟರ್ ಬಡ್ಡಿ ಸಾಲ ಮಾಡುವ ಪಾಡು.

ಹೆರಿಗೆ ರಜೆಯ ಹಣ ಇ.ಎಸ್.ಐ. ಕೊಡುತ್ತಿತ್ತು. ಅಲ್ಲಿಂದ ಹೊರಬಿದ್ದರೆ 26 ವಾರಗಳ ಸಂಬಳ ಮಾಲೀಕರೇ ಕೊಡಬೇಕು. ₹23,376ರ ಲೆಕ್ಕದಲ್ಲಿ ಅದು ಒಬ್ಬರಿಗೆ ಸುಮಾರು ₹1.4 ಲಕ್ಷ. ಹೆಂಗಸರೇ ತುಂಬಿರುವ ಗಾರ್ಮೆಂಟ್ಸ್‌ನಲ್ಲಿ ಹೊಸದಾಗಿ ಮದುವೆಯಾದವರು ಕೆಲಸ ಕೇಳಿಕೊಂಡು ಹೋದರೆ ಗೇಟಿನಲ್ಲಿ ಏನು ಉತ್ತರ ಸಿಗಬಹುದು, ಯೋಚಿಸಿ. ಕಾನೂನುಬದ್ಧ ಬೋನಸ್ಸಿನ ಮಿತಿಯೂ ಆಗ ₹21,000ವೇ ಇತ್ತು; ಅದನ್ನು ದಾಟಿದವರಿಗೆ ಬೋನಸ್ ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ.

ಹಂತ 4: ಏರಿಕೆಯನ್ನು ಸರಕಿನ ಮೇಲೆ ಹಂಚಿ

ಒಂದು ದರ್ಶಿನಿ ತೆಗೆದುಕೊಳ್ಳಿ. 12 ಜನ ಕೆಲಸಗಾರರು, ತಲಾ ₹2,500 ಹೆಚ್ಚುವರಿ ಖರ್ಚು. ತಿಂಗಳಿಗೆ ₹30,000. ದಿನಕ್ಕೆ ಸಾವಿರ ಪ್ಲೇಟ್ ಹೋಗುವ ಹೋಟೆಲಾದರೆ ತಿಂಗಳಿಗೆ 30,000 ಪ್ಲೇಟ್, ಅಂದರೆ ಪ್ಲೇಟಿಗೆ ಒಂದು ರೂಪಾಯಿ. ಇಡ್ಲಿ ಬೆಲೆ ಮಾತ್ರ ಒಂದು ರೂಪಾಯಿ ಏರುವುದಿಲ್ಲ, ಐದೇ ಏರುವುದು. ಚಿಲ್ಲರೆ ಸಮಸ್ಯೆ ಅಂತ ನೆಪ ಇದ್ದೇ ಇದೆ. ಉಳಿದ ನಾಲ್ಕು ರೂಪಾಯಿಯನ್ನು ಕನಿಷ್ಠ ವೇತನದ ಖಾತೆಗೆ ಬರೆಯಬೇಡಿ.

ಶರ್ಟಿನ ಲೆಕ್ಕ ಸ್ವಲ್ಪ ಉದ್ದ. ಟೈಲರ್ ಒಬ್ಬರು ದಿನಕ್ಕೆ 8 ಗಂಟೆಯಂತೆ 26 ದಿನ ದುಡಿದರೆ 12,480 ನಿಮಿಷ. ಅವರಿಗಾಗುವ ಖರ್ಚೂ ₹12,480 ಎಂದಿಟ್ಟುಕೊಂಡರೆ ನಿಮಿಷಕ್ಕೆ ಒಂದು ರೂಪಾಯಿ. ಒಂದು ಶರ್ಟಿಗೆ ಕಾಗದದ ಮೇಲೆ 20 ನಿಮಿಷದ ಹೊಲಿಗೆ, ಲೈನಿನ, ಅಂದರೆ ಹೊಲಿಗೆ ಯಂತ್ರಗಳ ಸಾಲಿನ, ದಕ್ಷತೆ ಶೇ 50 ಎನ್ನಿ. ಆಗ ನಿಜವಾಗಿ ಹಿಡಿಯುವುದು 40 ನಿಮಿಷ, ಅಂದರೆ ₹40. ವೇತನ ಶೇ 20 ಏರಿದರೆ ₹48. ಶರ್ಟಿಗೆ ಬರೀ ಎಂಟು ರೂಪಾಯಿ.

ಆ ಎಂಟು ರೂಪಾಯಿಯನ್ನು ವಿದೇಶದ ಖರೀದಿದಾರ ಬ್ರ್ಯಾಂಡ್ ಕೊಡಲೊಪ್ಪದಿದ್ದರೆ? ದಕ್ಷತೆಯನ್ನು ಶೇ 50ರಿಂದ 60ಕ್ಕೆ ತಂದರೆ ಶರ್ಟಿಗೆ 33.3 ನಿಮಿಷ ಸಾಕು. ನಿಮಿಷಕ್ಕೆ ₹1.20ರಂತೆ ಮತ್ತೆ ₹40. ಏರಿಕೆ ಮಾಯ! ಕಾಗದದ ಮೇಲೆ ಇದಕ್ಕೆ ಉತ್ಪಾದಕತೆ ಎಂದು ಹೆಸರು. ಲೈನಿನಲ್ಲಿ ಕೂತವರಿಗೆ ಇದು ಟಾರ್ಗೆಟ್. ಗಂಟೆಗೆ 50 ಪೀಸ್ ಇದ್ದದ್ದು 60 ಆಗುತ್ತದೆ, ನೀರು ಕುಡಿಯಲು ಎದ್ದರೆ ಸೂಪರ್‌ವೈಸರ್ ಕಣ್ಣು ಬೀಳುತ್ತದೆ. ಒಳ್ಳೆಯ ಯಂತ್ರ, ಸರಿಯಾದ ತರಬೇತಿಯಿಂದಲೂ ಅದೇ ಹತ್ತು ಅಂಕ ಏರಿಸಬಹುದು. ಯಾವ ದಾರಿ ಹಿಡಿದಿದ್ದಾರೆ ಅನ್ನುವುದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಸಂಜೆ ಗೇಟಿನಿಂದ ಹೊರಬರುವವರ ಮುಖದಲ್ಲಿ ಕಾಣುತ್ತದೆ.

ಹಂತ 5: ಯಾರು ತೆರುತ್ತಾರೆ, ಕೆಲಸ ಹೋಗುತ್ತದೆಯೇ?

ಹಂಗೇರಿಯಲ್ಲಿ 2001 ಮತ್ತು 2002ರ ಎರಡೇ ವರ್ಷದಲ್ಲಿ ಕನಿಷ್ಠ ವೇತನ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಸಂಶೋಧಕರು ಕಂಪನಿಗಳ ಲೆಕ್ಕಪತ್ರ ತೆಗೆದು ನೋಡಿದಾಗ, ಹೊರೆಯ ಮುಕ್ಕಾಲು ಪಾಲು ಬೆಲೆಯಾಗಿ ಗ್ರಾಹಕರ ಮೇಲೆ, ಕಾಲು ಪಾಲು ಮಾಲೀಕರ ಲಾಭದ ಮೇಲೆ ಬಿದ್ದಿತ್ತು. ಕೆಲಸ ಹೋದದ್ದು ಕಡಿಮೆ. ಆದರೆ ರಫ್ತು ಮಾಡುವ ಉದ್ಯಮಗಳಲ್ಲಿ ನಷ್ಟ ಹೆಚ್ಚು. ದರ್ಶಿನಿಗೂ ಗಾರ್ಮೆಂಟ್ಸ್‌ಗೂ ಇರುವ ವ್ಯತ್ಯಾಸ ಇದೇ. ಇಡ್ಲಿಗೆ ಢಾಕಾದಿಂದ ಪೈಪೋಟಿ ಇಲ್ಲ, ಶರ್ಟಿಗೆ ಇದೆ.

ಏರಿಸಿದರೆ ಕೆಲಸ ಹೋಗಲೇಬೇಕು ಎಂಬ ಹಳೆಯ ನಂಬಿಕೆಯನ್ನು ಅಲುಗಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರಲ್ಲಿ ನ್ಯೂಜೆರ್ಸಿ ಗಂಟೆಯ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದಾಗ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಜರ್ಮನಿ 2015ರಲ್ಲಿ ಗಂಟೆಗೆ 8.50 ಯೂರೊ ಜಾರಿಗೆ ತಂದಾಗಲೂ ಒಟ್ಟು ಕೆಲಸ ಕುಸಿಯಲಿಲ್ಲ. ಜನ ಸಣ್ಣಪುಟ್ಟ ಕಂಪನಿ ಬಿಟ್ಟು ಹೆಚ್ಚು ಕೊಡುವ ಕಡೆ ಸರಿದರು. ಅಮೆರಿಕದ ಸಿಯಾಟಲ್ ನಗರದ ಕಥೆ ಬೇರೆ. ಅಲ್ಲಿ ದರ 13 ಡಾಲರ್ ತಲುಪಿದಾಗ ಕಡಿಮೆ ಕೂಲಿಯ ಕೆಲಸದ ಗಂಟೆಗಳು ಸುಮಾರು ಶೇ 9 ಇಳಿದವು ಎಂದು 2017ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ಹೇಳಿತು. ಅದೇ ವೇಳೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಸಿಯಾಟಲ್‌ನ ಹೋಟೆಲುಗಳನ್ನು ನೋಡಿ ನಷ್ಟವಿಲ್ಲ ಎಂದರು. ಹಾಗಾಗಿ ಕೆಲಸ ಇದೆಯೋ ಇಲ್ಲವೋ ಎಂದಷ್ಟೇ ಕೇಳಬೇಡಿ. ಎಷ್ಟು ಗಂಟೆ, ಎಷ್ಟು ಓಟಿ ಸಿಗುತ್ತಿದೆ ಎಂದೂ ಕೇಳಿ.

ಹಂತ 6: ಗಡಿಯಾಚೆ ಇಣುಕಿ

ಕಾರ್ಖಾನೆ ಓಡಿಹೋಗುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ. ಬೀಡಿ ಕಾರ್ಮಿಕರ 1966ರ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿಯೊಂದು ಕಣ್ಣೂರಿನ ಕಡೆಯ ತನ್ನ ಬೀಡಿ ಕಟ್ಟುವ ಘಟಕಗಳಿಗೆ ಬೀಗ ಹಾಕಿತು. ಸುಮಾರು 12 ಸಾವಿರ ಜನ ಬೀದಿಗೆ ಬಿದ್ದರು. ಅವರು ಕೈಕಟ್ಟಿ ಕೂರಲಿಲ್ಲ ಅನ್ನುವುದು ಕಥೆಯ ಉಳಿದರ್ಧ. 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಹೀಗೆ.

ಈಗ ಓಡಲು ರಾಜ್ಯದ ಗಡಿಯೇ ಬೇಕಿಲ್ಲ, ವಲಯದ ಗಡಿ ಸಾಕು. ಕರಡಿನ ಒಂದನೇ ಮತ್ತು ಮೂರನೇ ವಲಯದ ಅಂತರ ತಲೆಗೆ ₹4,057. ಸಾವಿರ ಜನರ ಘಟಕಕ್ಕೆ ತಿಂಗಳಿಗೆ ₹40 ಲಕ್ಷ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್ ಹೋದದ್ದೇಕೆಂದು ಇದೂ ಸ್ವಲ್ಪ ಹೇಳುತ್ತದೆ. ಬೆಂಗಳೂರಿಗೆ ನಷ್ಟ, ಮಂಡ್ಯದ ಹಳ್ಳಿಗೆ ಲಾಭ. ಆದರೆ ಸುತ್ತ ಹತ್ತು ಹಳ್ಳಿಗೆ ಒಂದೇ ಕಾರ್ಖಾನೆ, ಬಂದುಹೋಗಲು ಅದರದೇ ವ್ಯಾನು ಎಂದಾದಾಗ ಕೂಲಿ ಎಷ್ಟೆಂದು ಹೇಳುವವರೂ ಅವರೊಬ್ಬರೇ. ಕೆಲಸ ಬಿಡುತ್ತೇನೆಂದು ಹೆದರಿಸಲು ಅಲ್ಲಿ ಇನ್ನೊಂದು ಗೇಟೇ ಇರುವುದಿಲ್ಲ. ಕಾನೂನಿನ ದರ ನಿಜವಾಗಿ ಬೇಕಾಗುವುದು ಇಂಥ ಕಡೆ.

ಹಂತ 7: ಏರಿದ್ದು ಕೈಗೆ ಬಂತೇ?

ಮೇಲಿನ ಲೆಕ್ಕವೆಲ್ಲ ದುಡ್ಡು ಸಂದಾಯವಾದರೆ ಮಾತ್ರ. 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು ₹417. ಕೋವಿಡ್ ಹೆಸರಲ್ಲಿ ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ತಡೆಯಿತು, ಆದರೂ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳು ಬಹುಕಾಲ ಕೊಡಲಿಲ್ಲ. ನಾಲ್ಕು ಲಕ್ಷ ಜನರಿಗೆ ಗುಣಿಸಿದರೆ ತಿಂಗಳಿಗೆ ₹16.7 ಕೋಟಿ. ಅದಕ್ಕೂ ಮೊದಲು, 2018ರಲ್ಲಿ ಗಾರ್ಮೆಂಟ್ಸ್ ದರ ಏರಿಸುವ ಕರಡು ಅಧಿಸೂಚನೆಯನ್ನು ಸರ್ಕಾರ ಒಂದೇ ತಿಂಗಳಲ್ಲಿ ಹಿಂದಕ್ಕೆ ಪಡೆದದ್ದೂ ಉಂಟು.

ಕಡಿಮೆ ಕೊಟ್ಟಿದ್ದರೆ ದೂರು ಕೊಡಲು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಅದು ಮೂರು ವರ್ಷ. ದೂರಿಗೆ ದಾಖಲೆ ಬೇಕು, ಸಂಬಳದ ಚೀಟಿ ಕೊಡದ ಮಾಲೀಕರೂ ಇದ್ದಾರೆ. ಆಗ ಪಿ.ಎಫ್. ಪಾಸ್‌ಬುಕ್ಕನ್ನು ಮೊಬೈಲ್‌ನಲ್ಲಿ ತೆರೆಯಿರಿ. ನಿಮ್ಮ ವಂತಿಗೆಯನ್ನು 12ರಿಂದ ಭಾಗಿಸಿ 100ರಿಂದ ಗುಣಿಸಿ. ₹1,440 ಇದ್ದರೆ ನಿಮ್ಮ ಸಂಬಳವೆಂದು ಅಲ್ಲಿ ತೋರಿಸಿರುವುದು ₹12,000. ಅದನ್ನು ಅಧಿಸೂಚನೆಯ ದರದ ಪಕ್ಕ ಇಟ್ಟು ನೋಡಿ. ಆ ಅಂಕಿ ಮಾಲೀಕರು ತಾವೇ ಪಿ.ಎಫ್. ಕಚೇರಿಗೆ ಬರೆದುಕೊಟ್ಟದ್ದು.