ಟೊಂಕಕ್ಕೂ ಬಿಸಿಲಿಗೂ ಒಗ್ಗುವ ಗಾದಿಯನ್ನು ಆರಿಸುವ ಬಗೆ

ಕಲಬುರಗಿ, ಯಾದಗಿರಿ ಕಡೆ ಯಾರಾದರೂ ಟೊಂಕ ನೋವೆಂದು ಹೇಳಿಕೊಂಡರೆ, ಗಾದಿ ಬಿಟ್ಟು ನೆಲದ ಮೇಲೆ ಚಾಪೆ ಹಾಸಿ ಮಲಗಿರಿ ಎಂಬ ಸಲಹೆ ತಡವಿಲ್ಲದೆ ಬರುತ್ತದೆ. ಅಂಗಡಿಯವರೂ ಇದೇ ನಂಬಿಕೆಯನ್ನು ಹಿಡಿದು, ಇದ್ದುದರಲ್ಲಿ ಅತ್ಯಂತ ಗಟ್ಟಿಯಾದ ಗಾದಿಯನ್ನು ತೋರಿಸಿ, ಅದರ ಮೇಲಿನ ‘ಆರ್ಥೋಪೆಡಿಕ್’ ಎಂಬ ಚೀಟಿಯ ಮೇಲೆ ಬೆರಳಿಡುತ್ತಾರೆ. ಆ ಚೀಟಿಯನ್ನು ಯಾವ ವೈದ್ಯರೂ ಕೊಟ್ಟಿರುವುದಿಲ್ಲ. ತಯಾರಕರು ತಾವೇ ಇಟ್ಟುಕೊಂಡ ವ್ಯಾಪಾರದ ಹೆಸರು ಅದು. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದೆಂಬ ಮಾತನ್ನು ಸ್ಪೇನಿನ ಸಂಶೋಧಕರು ಪರೀಕ್ಷೆಗೆ ಒಡ್ಡಿ, 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಬಹುಕಾಲದಿಂದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಗಾದಿಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿತನದ ಗಾದಿಯನ್ನೂ ಕೊಟ್ಟು 90 ದಿನಗಳ ನಂತರ ವಿಚಾರಿಸಿದಾಗ, ಮಲಗಿದ್ದಾಗಿನ ನೋವು, ಎದ್ದಾಗಿನ ನೋವು ಎರಡೂ ಮಧ್ಯಮ ಗಾದಿಯವರಲ್ಲಿಯೇ ಹೆಚ್ಚು ಇಳಿದಿದ್ದವು. ಆದ್ದರಿಂದ ಗಾದಿ ಕೊಳ್ಳುವವರು ಮೊದಲು ನೋಡಬೇಕಾದದ್ದು, ಅದರ ಮೇಲೆ ಮಲಗಿದಾಗ ಬೆನ್ನುಮೂಳೆ ತನ್ನ ಸಹಜ ಬಾಗಿನಲ್ಲಿ ಉಳಿಯುತ್ತದೆಯೇ ಎಂಬುದನ್ನು. ನಮ್ಮ ಭಾಗದಲ್ಲಿ ಇದಕ್ಕೆ ಸಮನಾಗಿ ನೋಡಬೇಕಾದ ಇನ್ನೊಂದು ಸಂಗತಿ ಸೆಕೆ.

ಬೆನ್ನುಮೂಳೆ ಕೋಲಿನಂತೆ ನೆಟ್ಟಗಿಲ್ಲ. ಕುತ್ತಿಗೆಯಲ್ಲಿಯೂ ಸೊಂಟದಲ್ಲಿಯೂ ಒಳಕ್ಕೆ ಬಾಗಿದೆ. ತೀರ ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿದರೆ ಸೊಂಟದ ಕೆಳಗೆ ಪೊಳ್ಳು ಉಳಿದು, ಅಲ್ಲಿನ ಸ್ನಾಯುಗಳು ರಾತ್ರಿಯೆಲ್ಲ ಬಿಗಿದುಕೊಂಡೇ ಇರುತ್ತವೆ. ತೀರ ಮೆತ್ತಗಿದ್ದರೆ ದೇಹದ ಅತ್ಯಂತ ಭಾರದ ಭಾಗವಾದ ಪೃಷ್ಠವು ಕುಸಿದು ಬೆನ್ನು ತೊಟ್ಟಿಲಿನಂತೆ ಜೋತುಬೀಳುತ್ತದೆ. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆಯ ಮೇಲೆ ಬೀಳುವುದರಿಂದ, ಆ ಎರಡು ಜಾಗ ತುಸು ಒಳಗಿಳಿಯುವಷ್ಟು ಮೃದುತ್ವ ಅವರಿಗೆ ಬೇಕು. ಬೋರಲು ಮಲಗುವವರಿಗೆ ಸ್ವಲ್ಪ ಗಟ್ಟಿಯಾದದ್ದೂ ತೆಳ್ಳನೆಯ ತಲೆದಿಂಬೂ ಸರಿ, ಆದರೆ ಕುತ್ತಿಗೆ ನೋವಿರುವವರು ಆ ಭಂಗಿಯನ್ನೇ ಬಿಡುವುದು ಲೇಸು. ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ: 50 ಕಿಲೋ ತೂಕದವರಿಗೆ ಗಟ್ಟಿ ಎನಿಸಿದ ಗಾದಿಯೇ 90 ಕಿಲೋ ತೂಕದವರಿಗೆ ಮೆತ್ತಗೆನಿಸೀತು. ಹಾಗಾಗಿ ಗಾದಿಯ ಮೇಲೆ ಮಲಗುವವರೇ ಅಂಗಡಿಗೆ ಹೋಗಬೇಕು. ಅಪ್ಪನ ಗಾದಿಯನ್ನು ಮಗ ತನ್ನ ಬೆನ್ನಿನ ಮೇಲೆ ಅಳೆದು ತರುವುದು ಸರಿಯಾಗುವುದಿಲ್ಲ.

ಕೈಯಿಂದ ಒತ್ತಿ ನೋಡುವುದರಿಂದಾಗಲಿ, ಅಂಚಿನಲ್ಲಿ ಕುಳಿತು ನೋಡುವುದರಿಂದಾಗಲಿ ಏನೂ ತಿಳಿಯುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳ ಜನಜಂಗುಳಿಯ ನಡುವೆ ಮಲಗುವುದು ಸಂಕೋಚವೆನಿಸಿದರೂ, ಚಪ್ಪಲಿ ಬಿಟ್ಟು, ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಹತ್ತು ಹದಿನೈದು ನಿಮಿಷ ಮಲಗಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈಯನ್ನು ತೂರಿಸಿ ನೋಡಬೇಕು: ಸಲೀಸಾಗಿ ಒಳಗೆ ಹೋಗಿ ಮೇಲೆ ಇನ್ನೂ ಜಾಗ ಉಳಿದರೆ ಗಾದಿ ಹೆಚ್ಚು ಗಟ್ಟಿ, ಕೈ ತೂರಿಸಲು ಒದ್ದಾಡಬೇಕಾದರೆ ಹೆಚ್ಚು ಮೆತ್ತಗೆ, ಮೈಗೆ ತಾಗುತ್ತಲೇ ಸರಿದರೆ ಸರಿಯಾಗಿದೆ. ಮಗ್ಗುಲಾದಾಗ ಜೊತೆಗೆ ಬಂದವರು ಹಿಂದೆ ನಿಂತು, ಕುತ್ತಿಗೆಯಿಂದ ಟೊಂಕದವರೆಗೆ ಬೆನ್ನುಮೂಳೆ ಒಂದೇ ಗೆರೆಯಲ್ಲಿದೆಯೇ ಎಂದು ನೋಡಿ ಹೇಳಬಹುದು. ಮಗ್ಗುಲು ಬದಲಿಸಲು ಕಷ್ಟವಾಗುವ ಗಾದಿಯನ್ನು ಅಲ್ಲಿಯೇ ಬಿಡಬೇಕು.

ಇನ್ನು ಸೆಕೆಯ ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ನಡುರಾತ್ರಿಯವರೆಗೂ ಕೋಣೆಯೊಳಗೆ ಕಾವು ಸುರಿಸುತ್ತದೆ. ಅಂಥ ರಾತ್ರಿಯಲ್ಲಿ, ಜಾಹೀರಾತುಗಳಲ್ಲಿ ಬಹಳ ಹೊಗಳಿಸಿಕೊಳ್ಳುವ ಮೆಮೊರಿ ಫೋಮ್ ಮೈಯನ್ನು ಸುತ್ತುವರಿದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಗುಣವೇ ಶಾಖಕ್ಕೆ ಮೆತ್ತಗಾಗುವುದು, ಚಳಿಗೆ ಬಿರುಸಾಗುವುದು. ಯಾದಗಿರಿಯ ಮೇ ತಿಂಗಳಲ್ಲಿ ಕುಸಿದಂತೆನಿಸುವ ಅದೇ ಫೋಮ್, ಎತ್ತರದ ಬೀದರಿನ ಜನವರಿ ಚಳಿಯಲ್ಲಿ ಮಲಗಿದ ಮೊದಲ ಹೊತ್ತು ಹಲಗೆಯಂತೆ ತೋರೀತು. ರಾತ್ರಿಯಿಡೀ ಎಸಿ ಓಡಿಸುವವರು ಮೆಮೊರಿ ಫೋಮ್ ಕೊಳ್ಳಬಹುದು. ಕರೆಂಟು ಹೋದರೆ ಕಿಟಕಿಯನ್ನೇ ನಂಬಿದವರಿಗೆ ಅದು ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕೇ ಎನಿಸಿದರೆ ಮೇಲಿನ ಪದರ ಒಂದು ಇಂಚಿಗಿಂತ ದಪ್ಪವಿರದಂತೆ ನೋಡಿಕೊಳ್ಳಬೇಕು.

ಸೆಕೆಗೆ ಹತ್ತಿಯ ಗಾದಿಯೇ ಹೇಳಿ ಮಾಡಿಸಿದ್ದು. ಅದು ಗಾಳಿಯಾಡಿಸುತ್ತದೆ, ಬೆವರು ಹೀರುತ್ತದೆ, ಸುತ್ತಿ ಹೆಗಲಿಗೇರಿಸಿ ಮಾಳಿಗೆಗೆ ಒಯ್ಯಲು ಬರುತ್ತದೆ. ಶಹಾಪುರ, ಜೇವರ್ಗಿ ಸುತ್ತಿನ ಕಪ್ಪು ನೆಲದಲ್ಲಿ ಹತ್ತಿ ಬೆಳೆಯುವ ನಮಗೆ ಅದು ಹೊಸ ವಸ್ತುವೂ ಅಲ್ಲ. ಅದರ ದೋಷವೆಂದರೆ, ಹತ್ತಿ ಕ್ರಮೇಣ ಒತ್ತಿಕೊಂಡು ಗಂಟುಕಟ್ಟುತ್ತದೆ, ಮಲಗುವ ಜಾಗದಲ್ಲಿ ಕುಳಿ ಬೀಳುತ್ತದೆ. ಟೊಂಕ ನೋವಿಗೆ ಜನ ದೂರುವ ‘ಮೆತ್ತನೆಯ ಗಾದಿ’ ಬಹಳ ಸಲ ಇಂಥ ಕುಳಿಬಿದ್ದ ಹಳೆಯ ಗಾದಿಯೇ ಆಗಿರುತ್ತದೆ. ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿಸಿ, ಪಿಂಜಾರರಲ್ಲಿ ಹತ್ತಿಯನ್ನು ಹಿಂಜಿಸಿ, ಒಂದಿಷ್ಟು ಹೊಸ ಹತ್ತಿ ಸೇರಿಸಿ ಮತ್ತೆ ತುಂಬಿಸಿದರೆ ಹೊಸ ಗಾದಿಯ ಖರ್ಚು ಉಳಿಯುತ್ತದೆ. ಹತ್ತಿಯನ್ನು ಎದುರಿಗೇ ತೂಗಿಸಬೇಕು, ಎದುರಿಗೇ ತುಂಬಿಸಬೇಕು. ಪಾಲಿಯೆಸ್ಟರ್ ಬೆರೆಸಿದ್ದಾರೆಂಬ ಅನುಮಾನ ಬಂದರೆ ಒಂದು ಚಿಟಿಕೆ ಎಳೆಯನ್ನು, ಉಳಿದ ಹತ್ತಿಯಿಂದ ದೂರ ಒಯ್ದು, ಸುಟ್ಟು ನೋಡಬಹುದು: ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆದುವಾದ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಳಗೆ ಹತ್ತಿ ಸರಿಯದಂತೆ ಹೊಲಿಗೆಯ ಟಾಕುಗಳು ಒತ್ತೊತ್ತಾಗಿರಬೇಕು.

ಫೋಮ್ ಗಾದಿಯಲ್ಲಿ ಮೋಸಕ್ಕೆ ಹೆಚ್ಚು ಅವಕಾಶವಿರುವುದು ಡೆನ್ಸಿಟಿಯಲ್ಲಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕದಲ್ಲಿ. ನಿತ್ಯ ಮಲಗುವ ಗಾದಿಗೆ 32ಕ್ಕಿಂತ ಕಡಿಮೆ ಡೆನ್ಸಿಟಿಯ ಫೋಮ್ ಬೇಡ. ಭಾರದ ಮೈಯವರಿಗೆ 40 ಇದ್ದರೆ ಉತ್ತಮ. ಹೊದಿಕೆಯೊಳಗಿನದು ಕಣ್ಣಿಗೆ ಕಾಣದಿದ್ದರೂ ತಕ್ಕಡಿಗೆ ಸಿಗುತ್ತದೆ. 72 ಇಂಚು ಉದ್ದ, 36 ಇಂಚು ಅಗಲ, 5 ಇಂಚು ದಪ್ಪದ ಗಾದಿಯಲ್ಲಿ 32 ಡೆನ್ಸಿಟಿಯ ಫೋಮ್ ಸುಮಾರು 6.8 ಕಿಲೋ, 40 ಡೆನ್ಸಿಟಿಯದು ಸುಮಾರು 8.5 ಕಿಲೋ ತೂಗಬೇಕು; ಹೊದಿಕೆಯ ತೂಕ ಬೇರೆ. ಹೊದಿಕೆ ಸಮೇತ ಐದು ಕಿಲೋ ತೂಗುವ ಗಾದಿಯನ್ನು 40 ಡೆನ್ಸಿಟಿಯದೆಂದು ಮಾರುತ್ತಿದ್ದರೆ ಆ ಮಾತು ಸುಳ್ಳು. ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿದ ಬಾಂಡೆಡ್ ಫೋಮ್ ಇದಕ್ಕಿಂತ ಬಹಳ ಭಾರ, ಬಹಳ ಗಟ್ಟಿ. ಅದನ್ನು ಕೆಳಪದರವಾಗಿಸಿ ಮೇಲೆ ಮೆತ್ತನೆಯ ಪದರವಿಟ್ಟ ಗಾದಿ ಟೊಂಕ ನೋವಿನವರಿಗೆ ಒಗ್ಗುವುದುಂಟು.

ಪಾಕೆಟ್ ಸ್ಪ್ರಿಂಗ್ ಗಾದಿಯಲ್ಲಿ ಒಂದೊಂದು ಸ್ಪ್ರಿಂಗೂ ತನ್ನದೇ ಬಟ್ಟೆಯ ಚೀಲದೊಳಗಿರುವುದರಿಂದ ಒಬ್ಬರು ಹೊರಳಿದರೆ ಪಕ್ಕದವರಿಗೆ ಅಲುಗಾಟ ಕಡಿಮೆ, ಒಳಗೆ ಗಾಳಿಯೂ ಆಡುತ್ತದೆ. ಬೆಲೆ ನಿಲುಕುವುದಾದರೆ ನಮ್ಮ ಬಿಸಿಲಿಗೆ ಇದು ಒಳ್ಳೆಯ ಆಯ್ಕೆ. ರಬ್ಬರ್ ಹಾಲಿನಿಂದ ಮಾಡುವ ಲೇಟೆಕ್ಸ್ ಕೂಡ ತಾಳಿಕೆಯದೇ, ಆದರೆ ದುಬಾರಿ. ತೆಂಗಿನ ನಾರಿನ ಕಾಯರ್ ಗಾದಿ ತಂಪು, ಅಗ್ಗ. ಕೆಲವು ವರ್ಷಗಳಲ್ಲಿ ನಡುವೆ ತಗ್ಗು ಬೀಳುತ್ತದೆ.

ಗಾದಿಯ ಕೆಳಗೇನಿದೆ ಎಂಬುದನ್ನು ಮರೆಯುವಂತಿಲ್ಲ. ಹೊರಸಿನ ಮೇಲೋ ಸಡಿಲಾದ ನವಾರಿನ ಮಂಚದ ಮೇಲೋ ಎಷ್ಟೇ ದುಬಾರಿ ಗಾದಿ ಹಾಸಿದರೂ ಅದು ಜೋತುಬೀಳುತ್ತದೆ. ಶಹಾಬಾದಿನ ಕಲ್ಲು ಹಾಸಿದ ನೆಲದ ಮೇಲೆ ಗಾದಿಯನ್ನು ಹಗಲು ರಾತ್ರಿ ಬಿಟ್ಟರೆ, ಅದರಲ್ಲಿಯೂ ಕೋಣೆಯಲ್ಲಿ ನೀರಿನ ಕೂಲರ್ ಓಡುತ್ತಿದ್ದರೆ, ಕೆಳಭಾಗದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಗೋಡೆಗೆ ಆನಿಸಿ ನಿಲ್ಲಿಸುವುದು ಒಳ್ಳೆಯದು. ಹತ್ತಿಯ ಗಾದಿಯನ್ನು ಬಿಸಿಲಿಗೆ ಹಾಕಬೇಕು. ಫೋಮ್, ಲೇಟೆಕ್ಸ್‌ಗಳನ್ನು ಹಾಕಬಾರದು, ಬಿಸಿಲಿಗೆ ಅವು ಪುಡಿಯಾಗುತ್ತವೆ.

ಮೊಣಕಾಲು ನೋವಿರುವ ಹಿರಿಯರಿಗೆ ಮಂಚ, ಗಾದಿ ಎರಡರ ಎತ್ತರ ಸೇರಿ ಅವರ ಮೊಣಕಾಲಿನ ಮಟ್ಟಕ್ಕಿರಬೇಕು. ಕುಳಿತಾಗ ಅಂಗಾಲು ನೆಲ ಮುಟ್ಟಬೇಕು. ವರ್ಷ ತುಂಬದ ಕೂಸಿಗೆ ಮಾತ್ರ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯೇ ಬೇಕು, ಏಕೆಂದರೆ ಮೆತ್ತನೆಯದರಲ್ಲಿ ಮುಖ ಹುದುಗಿ ಉಸಿರು ಕಟ್ಟುವ ಅಪಾಯವಿದೆ. ಗಂಡ ಹೆಂಡಿರ ತೂಕದಲ್ಲಿ ಬಹಳ ಅಂತರವಿದ್ದರೆ 78 ಇಂಚು ಉದ್ದ, 36 ಇಂಚು ಅಗಲದ ಎರಡು ಬೇರೆ ಬೇರೆ ಗಾದಿಗಳನ್ನು ಜೋಡಿಸಿ ಒಂದೇ ಚಾದರ ಹಾಸಬಹುದು.

ಹೊಸ ಗಾದಿ ತರುವ ಮೊದಲು ಖರ್ಚಿಲ್ಲದ ಉಪಾಯವೊಂದನ್ನು ಮಾಡಿ ನೋಡಬೇಕು: ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ, ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಂಡರೆ ಸೊಂಟದ ಮೇಲಿನ ಎಳೆತ ಕಡಿಮೆಯಾಗುತ್ತದೆ. ನೋವು ಮೊಣಕಾಲಿನಿಂದ ಕೆಳಗಿಳಿಯುತ್ತಿದ್ದರೆ, ಕಾಲು ಜೋಮುಗಟ್ಟುತ್ತಿದ್ದರೆ ಅಥವಾ ಬಲ ಕಳೆದುಕೊಳ್ಳುತ್ತಿದ್ದರೆ, ಜ್ವರವೂ ಜೊತೆಗೂಡಿದರೆ ಅದು ಗಾದಿಯಿಂದ ಬಗೆಹರಿಯುವಂಥದ್ದಲ್ಲ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಸರಕಾರಿ ವೈದ್ಯಕೀಯ ಸಂಸ್ಥೆಗಳಿವೆ. ಅಲ್ಲಿ ಮೂಳೆ ವೈದ್ಯರಿಗೆ ತೋರಿಸಬೇಕು. ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು.

ಕೊಳ್ಳುವಾಗ ಗಾದಿಯ ಅಳತೆ, ಪದರಗಳು, ಡೆನ್ಸಿಟಿ ಇವಿಷ್ಟನ್ನೂ ಪಕ್ಕಾ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ‘ಹತ್ತು ವರ್ಷ ವಾರಂಟಿ’ ಎಂಬ ದಪ್ಪಕ್ಷರದ ಕೆಳಗಿನ ಸಣ್ಣಕ್ಷರಗಳನ್ನು ಓದಬೇಕು, ಏಕೆಂದರೆ ತಗ್ಗು ಇಷ್ಟು ಆಳ ಬಿದ್ದರೆ ಮಾತ್ರ ಬದಲಿ ಕೊಡುತ್ತೇವೆ, ಕಲೆಯಾಗಿದ್ದರೆ ಕೊಡುವುದಿಲ್ಲ ಎಂಬ ಷರತ್ತುಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಆನ್‌ಲೈನಿನಲ್ಲಿ ಕೆಲವು ಕಂಪನಿಗಳು 100 ರಾತ್ರಿ ಮಲಗಿ ನೋಡಿ ಮರಳಿಸಬಹುದೆನ್ನುತ್ತವೆ. ನಮ್ಮ ಪಿನ್‌ಕೋಡಿನಿಂದ ಗಾದಿಯನ್ನು ಮರಳಿ ಒಯ್ಯುತ್ತಾರೆಯೇ, ಸಾಗಣೆಯ ಖರ್ಚು ಯಾರದು ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ತಕರಾರು ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋದರೆ ಆ ಬರಹ ಮತ್ತು ಬಿಲ್ಲು ಬೇಕಾಗುತ್ತವೆ.